ಗುಂಪು ಮನೆ ಬರ್ತಾ ಇದೆಯಂತೆ, ನಕ್ಷೆ ಆಗುವ ಮೊದಲು ನಾವು ಏನು ಕೇಳಬೇಕು?

ಅಂಗನವಾಡಿ ಅಕ್ಕೋರು, ಕಾರವಾರ

ಎಲ್ಲರಿಗೂ ನಮಸ್ಕಾರ. ನಮ್ಮ ಕೇರಿಯವರಿಗೆ ಗುಂಪು ಮನೆ, ಅಂದರೆ ಒಂದೇ ಕಟ್ಟಡದಲ್ಲಿ ಹಲವು ಮನೆ, ಕಟ್ಟಿಸಿಕೊಡುವ ಮಾತು ಮತ್ತೆ ಎದ್ದಿದೆ. ಜಾಗ ನೋಡಿಕೊಂಡು ಹೋಗಿದ್ದಾರೆ, ನಕ್ಷೆ ಇನ್ನೂ ಆಗಿಲ್ಲವಂತೆ. ಕೇರಿಯ ಹೆಸರು ಹಾಕುವುದಿಲ್ಲ. ಹಾಕಿದರೆ ನಾಳೆ ಬೆಳಗಾಗುವುದರೊಳಗೆ ನಮ್ಮನೆ ಬಾಗಿಲಲ್ಲಿ ಹತ್ತು ಜನ ನಿಂತಿರುತ್ತಾರೆ.

ಇದನ್ನು ಬರೆಯಲಿಕ್ಕೆ ಕಾರಣ ನನ್ನ ಚಿಕ್ಕಮ್ಮನ ಮನೆ. ಹಿಂದಿನ ಯಾವುದೋ ಯೋಜನೆಯಲ್ಲಿ ಸಿಕ್ಕಿದ್ದು, ಕಟ್ಟಡದ ಮೇಲಿನ ಮಹಡಿ. ಹೋದ ಏಪ್ರಿಲ್‌ನಲ್ಲಿ ಎರಡು ರಾತ್ರಿ ಅಲ್ಲಿ ಮಲಗಿದ್ದೆ. ಹಗಲಿಗಿಂತ ರಾತ್ರಿಯೇ ಕಷ್ಟ. ಒಂಬತ್ತು ಗಂಟೆಗೆ ಗೋಡೆಗೆ ಅಂಗೈ ಇಟ್ಟರೆ ಇನ್ನೂ ಬೆಚ್ಚಗೆ, ತಲೆ ಮೇಲಿನ ಸ್ಲ್ಯಾಬು ಆಗಷ್ಟೇ ಒಲೆಯಿಂದ ಇಳಿಸಿದ ಕಾವಲಿ. ಫ್ಯಾನ್ ಹಾಕಿದರೆ ಆ ಬಿಸಿಯೇ ಕೆಳಗೆ ಬೀಳುತ್ತದೆ. ಮಲಗುವ ಕೋಣೆಗೆ ಇರುವುದು ಒಂದೇ ಕಿಟಕಿ, ಅದರ ಎದುರಿಗೆ ಮೆಟ್ಟಿಲಿನ ಗೋಡೆ. ಮಧ್ಯಾಹ್ನ ಮೂರಕ್ಕೆ ಹೊರಗೆ ಸಮುದ್ರದ ಗಾಳಿಗೆ ತೆಂಗಿನ ಗರಿ ಹಾರಾಡುತ್ತಾ ಇತ್ತು, ಒಳಗೆ ಗೋಡೆಯ ಕ್ಯಾಲೆಂಡರಿನ ಹಾಳೆ ಮಿಸುಕಲಿಲ್ಲ. ಜೂನ್ ಬಂದರೆ ಅದೇ ಸ್ಲ್ಯಾಬು ಸೋರುತ್ತದೆ. ಮೇಲೆ ತಗಡು ಹೊದಿಸಿದ್ದಾರೆ, ಬಾಲ್ಕನಿಗೆ ನೀಲಿ ಟಾರ್ಪಾಲು ಕಟ್ಟಿದ್ದಾರೆ. ಟಾರ್ಪಾಲು ಕಟ್ಟಿದ ಮೇಲೆ ಬೆಳಕೂ ಹೋಯಿತು, ಹಗಲೇ ಲೈಟು.

ಸಭೆ ಕರೆದಾಗ "ಮನೆ ಚಂದ ಇರಲಿ ಸಾಹೇಬರೇ" ಅಂದರೆ ಅವರು ತಲೆ ಆಡಿಸಿ ಚಾ ಕುಡಿದು ಹೋಗುತ್ತಾರೆ. ಸೆಕೆ ಆಗದ, ಸೋರದ, ಕರೆಂಟು ತಿನ್ನದ ಮನೆ ಬೇಕಾದರೆ ಬಾಯಿಬಿಟ್ಟು ಏನೇನು ಕೇಳಬೇಕು? ತಿಳಿದವರು ಹೇಳಿ.

ಸುಮ್ಮನೆ ಓದುವವ

ಅಕ್ಕೋರೆ, ಬೇಜಾರು ಮಾಡ್ಕೋಬೇಡಿ. ಬಾಡಿಗೆ ಕಟ್ಟಿ ಕಟ್ಟಿ ಸೋತವರಿಗೆ ಸ್ವಂತ ಸೂರು ಸಿಕ್ಕರೆ ಸಾಕಾಗಿದೆ. ಕರೆಂಟು ಹೇಗೂ ಗೃಹಜ್ಯೋತಿಯಲ್ಲಿ ಪುಕ್ಕಟೆ. ಪುಕ್ಕಟೆ ಸಿಗುವುದರಲ್ಲಿ ಉಳಿತಾಯ ಎಂತದ್ದು?

ನಿವೃತ್ತ ಲೈನ್‌ಮನ್

ತಮ್ಮಾ, ಪುಕ್ಕಟೆ ಅನ್ನುವುದು ಹೊಸ ಮನೆಗೆ ಅಷ್ಟು ಸಲೀಸಾಗಿ ಸಿಗುವುದಲ್ಲ. 200 ಯೂನಿಟ್ ಅನ್ನುವುದು ಮೇಲಿನ ಮಿತಿ, ಎಲ್ಲರಿಗೂ ಅಷ್ಟು ಕೊಡುತ್ತಾರೆ ಅಂತಲ್ಲ. 2023ರಲ್ಲಿ ಯೋಜನೆ ಬಂದಾಗ ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ಮನೆ ಮನೆಗೂ ಬೇರೆ ಬೇರೆ ಮಿತಿ ಹಾಕಿದರು. ಹಿಂದಿನ ಲೆಕ್ಕವೇ ಇಲ್ಲದ ಹೊಸ ಮೀಟರಿಗೆ ಸರಾಸರಿ 53 ಯೂನಿಟ್ ಅಂತ ಹಿಡಿದು, ಅದರ ಮೇಲೆ ಹತ್ತು ಶೇಕಡಾ, ಅಂದರೆ 58 ಯೂನಿಟ್. ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು.

ಈಗ ಅಕ್ಕೋರ ಚಿಕ್ಕಮ್ಮನ ಮನೆ ಲೆಕ್ಕ ಹಾಕಿ. ಹಳೇ ನಮೂನೆ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್. ನಮ್ಮ ಕರಾವಳಿಯ ಸೆಕೆಗೆ ದಿನಕ್ಕೆ 15 ತಾಸು ತಿರುಗಿತು ಅನ್ನಿ. ತಿಂಗಳಿಗೆ ಒಂದಕ್ಕೆ 33 ಯೂನಿಟ್ಟಿನ ಮೇಲೆ, ಎರಡಕ್ಕೆ 67. ಫ್ರಿಜ್ಜು, ಮಿಕ್ಸಿ, ಟಿವಿ ಯಾವುದೂ ಇನ್ನೂ ಬಂದಿಲ್ಲ, ಆಗಲೇ 58 ದಾಟಿತು. ಬಿಎಲ್‌ಡಿಸಿ ಅನ್ನುವ ಹೊಸ ನಮೂನೆ ಫ್ಯಾನ್ ಆದರೆ 30 ವ್ಯಾಟ್, ಎರಡೂ ಸೇರಿ ತಿಂಗಳಿಗೆ 27 ಯೂನಿಟ್. ಗಾಳಿ ಅಷ್ಟೇ. ಎರಡು ಫ್ಯಾನಿನಲ್ಲೇ 40 ಯೂನಿಟ್ ಫರಕು.

ಫ್ಯಾನು ಮನೆಯವರು ತರುವುದಲ್ಲವಾ ಅಂತ ಕೇಳಬೇಡಿ. ಮನೆ ಜೊತೆಗೇ ಕೊಡಿ ಅಂತ ಕೇಳಿ. ಹೊಸ ಮನೆ ಹೊಕ್ಕವನ ಕೈಯಲ್ಲಿ ಆ ಹೊತ್ತಿಗೆ ದುಡ್ಡು ಇರುವುದಿಲ್ಲ, ಅಗ್ಗದ್ದು ತಂದು ಹಾಕುತ್ತಾನೆ. ಹಾಕಿದ ಫ್ಯಾನು ಸುಡುವ ತನಕ ಯಾರೂ ಬದಲಿಸುವುದಿಲ್ಲ. ಮೂವತ್ತು ವರ್ಷ ಕಂಬ ಹತ್ತಿದವನು ಹೇಳುತ್ತಿದ್ದೇನೆ.

ಶಿರಸಿ ಮಾಣಿ

ಲೈನ್‌ಮನ್ ಅಣ್ಣ ಹೇಳಿದ್ದು ಬರೋಬ್ಬರಿ. ನಾನು ಸಿವಿಲ್ ಓದಿದವ, ಮನೆ ಕಟ್ಟಿಸುವುದೇ ಉದ್ಯೋಗ. ನನ್ನದೂ ಎರಡು ಮಾತು.

ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಾಸದ ಮನೆಗಳಿಗೆ ಅಂತಲೇ ಇಕೋ ನಿವಾಸ್ ಸಂಹಿತೆ ತಂದಿದೆ. 500 ಚದರ ಮೀಟರ್ ಮತ್ತು ಮೇಲಿನ ಜಾಗದಲ್ಲಿ ಕಟ್ಟುವ ವಸತಿಗೆ ಬರೆದದ್ದು, ಗುಂಪು ಮನೆ ಅದರೊಳಗೇ ಬರುತ್ತದೆ. ಅದರಲ್ಲಿ ನೀವು ಬಾಯಿಪಾಠ ಮಾಡಿಕೊಂಡು ಹೋಗಬೇಕಾದ ಸಾಲು ಒಂದೇ. ಕಾರವಾರದಂಥ ಬಿಸಿ ಮತ್ತು ತೇವದ ಹವೆಗೆ, ತೆರೆಯಲು ಬರುವ ಕಿಟಕಿ, ವೆಂಟಿಲೇಟರು, ಹೊರಕ್ಕೆ ತೆರೆದುಕೊಳ್ಳುವ ಬಾಗಿಲು ಎಲ್ಲ ಸೇರಿ ನೆಲದ ಅಳತೆಯ 16.66 ಶೇಕಡಾ ಇರಬೇಕು. ಆರರಲ್ಲಿ ಒಂದು ಪಾಲು ಅಂತ ನೆನಪಿಟ್ಟುಕೊಳ್ಳಿ.

ಪ್ರಧಾನ ಮಂತ್ರಿ ಆವಾಸ್‌ನ ನಗರ ಯೋಜನೆಯಲ್ಲಿ ಬಡವರ ಮನೆಗೆ 30 ಚದರ ಮೀಟರ್ ಅಂತ ಹಿಡಿದಿದ್ದರು, ಎರಡನೇ ಸುತ್ತಿನಲ್ಲಿ ಗುಂಪು ಮನೆಗೆ 45ರ ತನಕ ಹೋಗಬಹುದು. 30 ಅಂದರೆ ಹೆಚ್ಚುಕಮ್ಮಿ 20 ಅಡಿ ಉದ್ದ 16 ಅಡಿ ಅಗಲ, 320 ಚದರಡಿ. ಆರರಲ್ಲೊಂದು ಪಾಲು ಅಂದರೆ 53 ಚದರಡಿ ತೆರೆಯಬೇಕು. ಸಾಮಾನ್ಯವಾಗಿ ಏನು ಮಾಡುತ್ತಾರೆ? ನಾಲ್ಕಡಿ ನಾಲ್ಕಡಿಯ ಎರಡು ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿ. ನಕ್ಷೆಯಲ್ಲಿ 32 ಚದರಡಿ ಕಾಣುತ್ತದೆ. ಸ್ಲೈಡಿಂಗ್ ಯಾವತ್ತೂ ಅರ್ಧವೇ ತೆರೆಯುವುದು, ಹಾಗಾಗಿ ಸಿಕ್ಕಿದ್ದು 16. ಮುಂಬಾಗಿಲು ಒಳಗಿನ ಓಣಿಗೆ ತೆರೆದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಅದೇ ಕಿಟಕಿಗೆ ಎರಡು ಬದಿ ತೆರೆಯುವ ಬಾಗಿಲು ಕೂರಿಸಿದರೆ ಗಾಳಿ ದುಪ್ಪಟ್ಟು. ಗೋಡೆ ಒಡೆಯುವುದೂ ಬೇಡ, ಹೆಚ್ಚು ಜಾಗವೂ ಬೇಡ.

ಇಲ್ಲಿ ಹವೆಯ ಸ್ವಭಾವ ಒಂದು ತಿಳಿದಿರಬೇಕು. ಬಯಲುಸೀಮೆಯಲ್ಲಿ ರಾತ್ರಿ ತಂಪಾಗುತ್ತದೆ, ದಪ್ಪ ಗೋಡೆ ಹಗಲಿನ ಬಿಸಿ ಹಿಡಿದಿಟ್ಟುಕೊಂಡು ರಾತ್ರಿ ಬಿಟ್ಟುಬಿಡುತ್ತದೆ. ಕರಾವಳಿಯಲ್ಲಿ ರಾತ್ರಿಗೂ ಹಗಲಿಗೂ ಅಷ್ಟು ಫರಕಿಲ್ಲ, ಬೆವರು ಆರಲಿಕ್ಕೆ ಗಾಳಿ ಆಡಲೇಬೇಕು. ಅದಕ್ಕೇ ನಮ್ಮ ಹಿರಿಯರು ಹಂಚಿನ ಮಾಡು, ಅಂದರೆ ಇಳಿಜಾರು ಚಾವಣಿ, ಮಾಡಿದ್ದು. ಹಂಚು ಹಂಚಿನ ಸಂದಿಯಲ್ಲಿ ಬಿಸಿ ಮೇಲೆ ಹೋಗುತ್ತದೆ, ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೇ ಹಂಚು ತಣಿಯುತ್ತದೆ. ಐದಿಂಚು ಕಾಂಕ್ರೀಟು ಹಾಗಲ್ಲ, ನೀವು ಊಟ ಮಾಡಿ ಮಲಗುವ ಹೊತ್ತಿಗೆ ಅದು ಕಾಸಿಟ್ಟಿದ್ದನ್ನು ಕೆಳಗೆ ಬಿಡಲು ಶುರು ಮಾಡುತ್ತದೆ.

ಅಂಕೋಲೆ ಗೌಂಡಿ

ಮಾಣಿ ಸಾಹೇಬ್ರೆ, ಕಿಟಕಿ ದೊಡ್ಡ ಮಾಡಿ ಅಂತ ಹೇಳೂದು ಸಸಾರ. ಗಾಳಿ ಬರೂದು ಪಡು ದಿಕ್ಕಿಂದ, ಮಳಿ ಬರೂದೂ ಅದೇ ದಿಕ್ಕಿಂದ. ಪಡುವಕ್ಕೆ ಕಿಟಕಿ ಇಟ್ಟ ಮನಿ ಎಷ್ಟು ಕಟ್ಟಿಲ್ಲ ನಾನು. ಆಷಾಢದಲ್ಲಿ ಎರಚಲು ಹೊಡೆದು ಹಾಸಿಗೆ ಒದ್ದೆ. ಮನಿಯವರು ಮೊದಲು ಗೋಣಿ ಕಟ್ತಾರೆ, ಮರುವರ್ಷ ತಗಡು, ಮೂರನೇ ವರ್ಷ ಕಿಟಕಿಯನ್ನೇ ಇಟ್ಟಿಗೆ ಇಟ್ಟು ಮುಚ್ಚಿ ಬಿಡ್ತಾರೆ. ವರ್ಷಕ್ಕೆ 3000 ಮಿಲಿಮೀಟರ್ ಮಳಿ ಬೀಳೂ ಊರು ಇದು.

ಕಿಟಕಿ ಮೇಲೆ ಒಂದೂವರೆ ಅಡಿ ಸಜ್ಜಾ ಸಾಲೂದಿಲ್ಲ. ಮೂರಡಿ ಮಾಡು ಹೊರಗೆ ಬರ್ಬೇಕು, ಇಲ್ಲಾ ಪಡು ಬದಿಗೆ ಜಗಲಿ ಬರ್ಬೇಕು. ಜಗಲಿ ಇದ್ರೆ ಮಳಿ ಜಗಲಿಗೆ, ಗಾಳಿ ಒಳಗೆ. ಹಳೇ ಮನಿ ನೋಡಿ, ಎಲ್ಲ ಹಾಗೇ.

ಗೋಡೆಗೆ ಚಿರೆಕಲ್ಲು ಕೇಳಿ, ಕೆಂಪು ಜಂಬಿಟ್ಟಿಗೆ ಕಲ್ಲು. ನಮ್ಮ ನೆಲದ್ದೇ ಕಲ್ಲು, ಸುಡೂದು ಬೇಡ, ದೂರದಿಂದ ಲಾರಿ ಬರೂದೂ ಬೇಡ. ಆದ್ರೆ ಕಲ್ಲು ನೀರು ಕುಡೀತದೆ, ಪಡು ಗೋಡೆ ಬಿಟ್ಟಲ್ಲಿ ಒಳಗೆ ಹಸಿರು ಹಿಡೀತದೆ. ಆ ಗೋಡೆಗೆ ಮಾಡಿನ ನೆರಳು ಬೇಕು, ಇಲ್ಲಾ ಗಿಲಾವ್ ಬೇಕು.

ಶಿರಸಿ ಮಾಣಿ

ಒಪ್ಪಿದೆ ಗೌಂಡಿ ಅಣ್ಣಾ, ಎರಚಲಿನ ವಿಷಯ ನಾನು ಮರೆತೆ. ಘಟ್ಟದ ಮೇಲೆ ಕುಳಿತು ಕರಾವಳಿಗೆ ಬುದ್ಧಿ ಹೇಳುವವರ ಪಾಡೇ ಇದು. ಸ್ಲ್ಯಾಬಿಗೆ ಫಿಲ್ಲರ್ ಸ್ಲ್ಯಾಬ್ ಆಗಬಹುದಲ್ಲ? ತಿರುವನಂತಪುರದಲ್ಲಿ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿ ಬಡವರ ಮನೆಗಳಿಗೂ ಅದನ್ನೇ ಬಳಸಿದರು. ಸರಳಿನ ನಡುವೆ ಹಳೇ ಮಂಗಳೂರು ಹಂಚು ಇಟ್ಟು ಕಾಂಕ್ರೀಟು ಹೊಯ್ಯುವುದು. ಸಿಮೆಂಟು ಉಳಿಯುತ್ತದೆ, ಹಂಚಿನ ನಡುವಿನ ಗಾಳಿ ಬಿಸಿಯನ್ನೂ ಸ್ವಲ್ಪ ತಡೆಯುತ್ತದೆ.

ಅಂಕೋಲೆ ಗೌಂಡಿ

ಕೈಯಲ್ಲಿ ಕೆಲಸ ಇದ್ದವ ಮಾಡಿದ್ರೆ ಚಲೋ. ಟೆಂಡರಿನ ಕೆಲಸದಲ್ಲಿ ಬೇಡ. ಸರಳಿನ ಕೆಳಗೆ ಕಾಂಕ್ರೀಟು ಕಮ್ಮಿ ಬಿದ್ರೆ ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿದು ಉಬ್ಬಿ, ಚೂರು ಚೂರು ಕೆಳಗೆ ಬೀಳ್ತದೆ. ಮಕ್ಕಳು ಮಲಗೂ ಜಾಗ ಅದು. ಅದಕ್ಕಿಂತ ಸ್ಲ್ಯಾಬಿನ ಮೇಲೆ ಇಳಿಜಾರು ಮಾಡು ಎತ್ತಿ ಹಂಚು ಹೊದಿಸಿ. ಐದು ವರ್ಷ ಆದ ಮೇಲೆ ಹೇಗೂ ಎಲ್ಲರೂ ಸಾಲ ಮಾಡಿ ತಗಡು ಹಾಕ್ತಾರೆ. ಮೊದಲೇ ಹಾಕಿದ್ರೆ ಏನು ಗಂಟು ಹೋಗ್ತದೆ?

ಬೈತಖೋಲದ ಹುಡುಗ

ಗೌಂಡಿ ಮಾಮಾ ಹೇಳಿದ ಮಾಡಿನ ಕೆಳಗೆ ಇನ್ನೊಂದು ಕೆಲಸ ಆಗ್ತದೆ. ನಾಲ್ಕು ತಿಂಗಳು ಮಳೆ, ಬಟ್ಟೆ ಒಣಗಿಸುವುದೆಲ್ಲಿ? ಬಾಲ್ಕನಿಗೆ ಟಾರ್ಪಾಲು ಕಟ್ಟುವುದೇ ಬಟ್ಟೆಗಾಗಿ. ಬಟ್ಟೆಗೆ ಮೇಲೆ ಜಾಗ ಕೊಟ್ಟರೆ ಬಾಲ್ಕನಿ ಮುಚ್ಚುವುದಿಲ್ಲ, ಕೋಣೆಗೆ ಗಾಳಿ ಬೆಳಕು ಬರ್ತದೆ. ಬಲೆ ಇಡಲಿಕ್ಕೂ ಆಯ್ತು.

ಸಭೆಯ ಬಗ್ಗೆಯೂ ಒಂದು ಮಾತು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ನಮ್ಮ ಆಯಿ ಬರುವುದಿಲ್ಲ, ಮೀನು ಪೇಟೆಯಲ್ಲಿ ಬುಟ್ಟಿ ಮುಂದೆ ಕೂತಿರ್ತಾಳೆ. ಅಪ್ಪ ಬೋಟಿನಲ್ಲಿ. ಸಭೆಗೆ ಬರುವವರು ಪ್ಯಾಂಟು ಇಸ್ತ್ರಿ ಮಾಡಿದ ನಾಲ್ಕು ಮುಖಂಡರು, ಅವರಿಗೆ ಆಗಲೇ ಮನೆ ಉಂಟು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗೆ ಮೀನುಗಾರಿಕೆ ನಿಷೇಧ. ಆ 61 ದಿನ ಗಂಡಸರು ಊರಲ್ಲೇ ಇರ್ತಾರೆ. ಆವಾಗ ಸಂಜೆ ಕರೀಲಿ. ಯಾವ ಮನೆ ಎಲ್ಲಿ ಸೋರ್ತದೆ ಅಂತ ಅಧಿಕಾರಿಗಳಿಗೂ ಕಣ್ಣಾರೆ ಕಾಣ್ತದೆ.

ಕುಮಟೆಯವ, ಸದ್ಯ ಇಂಗ್ಲೆಂಡ್

ಓದಿ ಖುಷಿಯಾಯಿತು. ನಾನು ಇರುವ ಊರಿನಿಂದ ನಾರ್ವಿಚ್ ದೂರವಲ್ಲ. ಅಲ್ಲಿ ಗೋಲ್ಡ್‌ಸ್ಮಿತ್ ಸ್ಟ್ರೀಟ್ ಅಂತ ನಗರಸಭೆಯೇ ಕಟ್ಟಿಸಿ ಬಾಡಿಗೆಗೆ ಕೊಟ್ಟ ನೂರರ ಆಸುಪಾಸು ಮನೆಗಳಿವೆ. 2019ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪದ ದೊಡ್ಡ ಗೌರವ ಸ್ಟರ್ಲಿಂಗ್ ಪ್ರಶಸ್ತಿ ಅದಕ್ಕೆ ಬಂತು. ಶ್ರೀಮಂತರ ಬಂಗಲೆ, ಮ್ಯೂಸಿಯಂ ಎಲ್ಲ ಬಿಟ್ಟು ಬಾಡಿಗೆ ಮನೆಗೆ ಕೊಟ್ಟರು ಅಂತ ಪೇಪರಿನವರಿಗೇ ಆಶ್ಚರ್ಯ. ಪಾಸಿವ್‌ಹೌಸ್ ಎಂಬ ಜರ್ಮನ್ ಮಾನದಂಡದ ಮನೆಗಳು ಅವು, ಬಿಸಿ ಮಾಡಲು ಬೇಕಾಗುವ ಇಂಧನ ವರ್ಷಕ್ಕೆ ಚದರ ಮೀಟರಿಗೆ 15 ಯೂನಿಟ್ ದಾಟಬಾರದು. ಅದಕ್ಕಾಗಿ ಸಣ್ಣ ಸಂದಿಯನ್ನೂ ಬಿಟ್ಟಿಲ್ಲ. ಮುಂಬಾಗಿಲಲ್ಲಿ ಅಂಚೆ ಹಾಕುವ ಕಿಂಡಿ ಇದ್ದರೆ ತಣ್ಣನೆ ಗಾಳಿ ನುಗ್ಗುತ್ತದೆ ಅಂತ ಅಂಚೆ ಡಬ್ಬಿಯನ್ನೇ ಹೊರಗಿನ ಪೋರ್ಚಿಗೆ ಸಾಗಿಸಿದ್ದಾರೆ. ಹಿಂದಿನ ಸಾಲಿನ ಮನೆಗೆ ಚಳಿಗಾಲದ ಬಿಸಿಲು ತಪ್ಪಬಾರದು ಅಂತ ಮುಂದಿನ ಸಾಲಿನ ಮಾಡನ್ನು ಓರೆ ಮಾಡಿದ್ದಾರೆ. ಹಿತ್ತಲುಗಳ ನಡುವೆ ಒಂದು ಓಣಿ, ವಾಹನ ಬರುವುದಿಲ್ಲ, ಮಕ್ಕಳು ಅಲ್ಲೇ ಆಡುತ್ತವೆ.

ನಮ್ಮಲ್ಲಿ ಹಾಗೆ ಕಿಂಡಿ ಮುಚ್ಚಿದರೆ ಮೊದಲನೇ ಮೇ ತಿಂಗಳಲ್ಲೇ ಉಸಿರುಕಟ್ಟಿ ಹೊರಗೆ ಬರುತ್ತೇವೆ. ಅವರು ಗಾಳಿ ತಡೆದು ಇಂಧನ ಉಳಿಸುತ್ತಾರೆ, ನಾವು ಗಾಳಿ ಬಿಟ್ಟು ಉಳಿಸಬೇಕು. ಹಾಗಾಗಿ ಯಾರಾದರೂ "ವಿದೇಶಿ ತಂತ್ರಜ್ಞಾನ, ಪೂರ್ತಿ ಸೀಲ್ ಆದ ಗೋಡೆ" ಅಂತ ಹೊಳೆಯುವ ಪುಸ್ತಿಕೆ ತಂದರೆ ಒಂದೇ ಪ್ರಶ್ನೆ ಕೇಳಿ: ಕರೆಂಟು ಹೋದ ರಾತ್ರಿ ಒಳಗೆ ಮಲಗಲಿಕ್ಕೆ ಆಗುತ್ತದಾ?

ತೋಡೂರು ಕಡೆಯವ

ನಮ್ಮದು ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟ ಕುಟುಂಬ. ನಾಲ್ಕು ಸಾವಿರಕ್ಕೂ ಮಿಕ್ಕಿ ಮನೆಯವರು ಹಾಗೆ ಎದ್ದು ಬಂದವರು, ಕದಂಬ ನೌಕಾನೆಲೆ ಉದ್ಘಾಟನೆಯಾದದ್ದು 2005ರಲ್ಲಿ. ನಿವೇಶನದಲ್ಲಿ ಅವರವರ ಮನೆ ಅವರವರೇ ಕಟ್ಟಿಕೊಂಡರು. ಹಾಗಾಗಿ ನಮ್ಮ ಕಾಲನಿಯಲ್ಲಿ ಅಡ್ಡಾಡಿದರೆ ಯಾರಿಗೆ ಏನು ಬೇಕಾಗಿತ್ತು ಅಂತ ಮನೆ ನೋಡಿಯೇ ಹೇಳಬಹುದು. ಹಳಬರ ಮನೆಗಳಲ್ಲಿ ಜಗಲಿ ತಪ್ಪಿಲ್ಲ, ಹಿತ್ತಲಿಗೆ ಬಾಗಿಲು ತಪ್ಪಿಲ್ಲ. ಎರಡು ಬಾಗಿಲು ಎದುರುಬದುರು ಇಟ್ಟಲ್ಲಿ ಫ್ಯಾನು ಬೇಸಿಗೆಗಷ್ಟೇ ತಿರುಗುತ್ತದೆ. ಪೇಟೆಯ ನಕ್ಷೆ ತಂದು ಕಟ್ಟಿದವರು ಈಗ ಎಸಿ ಹಾಕಿಸಿಕೊಂಡಿದ್ದಾರೆ.

ಇನ್ನೊಂದು, ಜಾಗ ಗುಡ್ಡದ ಬುಡದಲ್ಲಿದ್ದರೆ ಮಾತ್ರ ಬಾಯಿ ಮುಚ್ಚಿ ಕೂರಬೇಡಿ. 2009ರ ಅಕ್ಟೋಬರ್ 2ರಂದು ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಹೋದರು. 2024ರ ಜುಲೈನಲ್ಲಿ ಶಿರೂರು ಎಲ್ಲರೂ ನೋಡಿದ್ದೇವೆ. ಗುಡ್ಡ ಕಡಿದು ಸಪಾಟು ಮಾಡಿದ ಜಾಗದಲ್ಲಿ ಎಷ್ಟು ಉಳಿತಾಯದ ಮನೆ ಕಟ್ಟಿದರೂ ಮಳೆಗಾಲದ ರಾತ್ರಿ ನಿದ್ದೆ ಬರುವುದಿಲ್ಲ.

ಹುಲೇಕಲ್ ರಸ್ತೆ ಅತ್ತಿಗೆ

ಶಿರಸಿ ಬದಿಗೂ ಇಂಥ ಮನೆ ಬಂದರೆ ನಮ್ಮ ಕಷ್ಟ ಬೇರೆ, ಬಿಸಿನೀರು. ವರ್ಷವಿಡೀ ಬಚ್ಚಲೊಲೆ ಉರಿಯಬೇಕು. ಗುಂಪು ಮನೆಯಲ್ಲಿ ಹಂಡೆಗೆ ಜಾಗ ಕೊಡುವುದಿಲ್ಲ, ಜನ ನೀರು ಕಾಯಿಸುವ ಕರೆಂಟಿನ ಕಾಯಿಲ್ ತಂದು ಬಕೆಟಿಗೆ ಹಾಕುತ್ತಾರೆ, ಎಲ್ಲ ಉಳಿತಾಯ ಆ ಬಕೆಟಿನಲ್ಲೇ ಮುಳುಗುತ್ತದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ ನಮ್ಮ ಅತ್ತೆಯ ಕಾಲದಲ್ಲೇ ಬಂದಿತ್ತು, ಹೊಗೆ ಕಮ್ಮಿ, ಕಟ್ಟಿಗೆ ಕಮ್ಮಿ. ಅದಕ್ಕೊಂದು ಹೊಗೆ ಕೊಳವೆ ಬಿಡಿ, ಇಲ್ಲವಾದರೆ ಮೇಲೆ ಸೋಲಾರ್ ನೀರಿನ ಪೈಪನ್ನು ಗೋಡೆ ಕಟ್ಟುವಾಗಲೇ ಹಾಕಿಡಿ ಅಂತ ಕೇಳಬೇಕು. ಆಮೇಲೆ ಗೋಡೆ ಕೊರೆದರೆ ಸೋರುವುದೇ.

ಸುಮ್ಮನೆ ಓದುವವ

ನಾನು ಮೊದಲು ಬರೆದದ್ದು ವಾಪಸ್. ಆದರೂ ಒಂದು ಅನುಮಾನ ಉಳಿದಿದೆ. ಮಾಡು ಮಾಡಿದರೆ ಸೋಲಾರ್ ಫಲಕ ಎಲ್ಲಿ ಇಡೋದು?

ನಿವೃತ್ತ ಲೈನ್‌ಮನ್

ತೆಂಕು ಇಳಿಜಾರಿನ ಮೇಲೆ. ನಮ್ಮ ದೇಶಕ್ಕೆ ತೆಂಕು ಮುಖವೇ ಒಳ್ಳೆಯದು. ಕೇಂದ್ರದ ಸೂರ್ಯಘರ್ ಸೋಲಾರ್ ಯೋಜನೆಯಲ್ಲಿ ಗುಂಪು ವಸತಿಯ ಸಾಮಾನ್ಯ ಬಳಕೆಗೆ, ಅಂದರೆ ಪಂಪು, ಮೆಟ್ಟಿಲ ದೀಪ ಇಂಥದ್ದಕ್ಕೆ, ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನ ಇದೆ. ಒಂಟಿ ಮನೆಗಾದರೆ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000. ಒಂದು ಕಿಲೋವ್ಯಾಟಿಗೆ ನೂರು ಚದರಡಿ ಜಾಗ ಬೇಕು, ಒಳ್ಳೆ ಬಿಸಿಲಿದ್ದ ದಿನ ನಾಲ್ಕು ಯೂನಿಟ್ ಬರುತ್ತದೆ. ಜುಲೈನಲ್ಲಿ ಅದರ ಆಸೆ ಬಿಡಿ. ಪಂಪಿನ ಬಿಲ್ಲು ಯಾರು ಕಟ್ಟುವುದು ಅಂತ ಜಗಳವಾಗಿ ನೀರೇ ನಿಂತ ಗುಂಪು ಮನೆ ನಾನು ನೋಡಿದ್ದೇನೆ. ಅದಕ್ಕೆ ಸಾಮಾನ್ಯ ಮೀಟರಿನ ಸೋಲಾರೇ ಮೊದಲು.

ಅಂಗನವಾಡಿ ಅಕ್ಕೋರು, ಕಾರವಾರ

ಎಲ್ಲರಿಗೂ ಉಪಕಾರ. ಹತ್ತು ದಿನ ಬರೆಯಲಿಕ್ಕಾಗಲಿಲ್ಲ, ಒಂದು ಕೆಲಸ ಮಾಡಿ ನೋಡಿದೆವು, ಅದನ್ನು ಹೇಳುತ್ತೇನೆ.

ಮಾಣಿ ಅವರು 20 ಅಡಿ, 16 ಅಡಿ ಅಂದರಲ್ಲ, ಕಾಗದದಲ್ಲಿ ಯಾರಿಗೂ ತಲೆಗೆ ಹೋಗಲಿಲ್ಲ. ಹೋದ ಭಾನುವಾರ ಸಂಜೆ ಅಂಗನವಾಡಿ ಅಂಗಳದಲ್ಲಿ ರಂಗೋಲಿ ಹಿಟ್ಟಿನಲ್ಲಿ ಅಷ್ಟೇ ಅಳತೆಯ ಮನೆ ಬರೆದೆ. ಒಂದು ಕೋಣೆ, ಪಡಸಾಲೆ, ಅಡುಗೆ ಮನೆ, ಬಚ್ಚಲು, ಕಕ್ಕಸು. ಮಕ್ಕಳು ಮೊದಲು ಕುಂಟಾಬಿಲ್ಲೆ ಆಡಿದವು, ಅರ್ಧ ಗೋಡೆ ಅಳಿಸಿ ಹೋಯಿತು, ಮತ್ತೆ ಬರೆದೆ. ಆಮೇಲೆ ಹೆಂಗಸರು ಒಬ್ಬೊಬ್ಬರೇ "ಒಳಗೆ" ಬಂದರು. ಮೀನು ಬುಟ್ಟಿ ತಂದಿಟ್ಟರು, ಅಡುಗೆ ಮನೆಯ ಬಾಗಿಲು ಅರ್ಧ ಮುಚ್ಚಿತು. ಒಬ್ಬರು ಅಜ್ಜಿ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿಯೇ ಬಿಟ್ಟರು, ಕಾಲು ಗೆರೆಯ ಆಚೆ. "ನನ್ನ ಕಾಲು ಪಕ್ಕದ ಮನೆಯಲ್ಲಿ ಮಲಗ್ತದಾ?" ಅಂತ ಕೇಳಿದರು. ನಗು ತಡೆಯಲಿಲ್ಲ, ಆದರೆ ಕೋಣೆಯನ್ನು ಎರಡಡಿ ಸರಿಸಿದೆವು.

ಕಿಟಕಿಗೆ ಎರಡು ಇಟ್ಟಿಗೆ ಗುರುತು ಇಟ್ಟಿದ್ದೆ. ನಾನು ಇಟ್ಟದ್ದು ಮಂಚದ ತಲೆಯ ಬದಿ, ನಕ್ಷೆಗಳಲ್ಲಿ ಹಾಗೇ ಇರುತ್ತದಲ್ಲ. ಹೆಂಗಸರು ಅದನ್ನು ಎತ್ತಿ ಒಲೆಯ ಎದುರಿಗೆ ಇಟ್ಟರು. ಮೀನು ಹುರಿಯುವ ಹೊಗೆ ಹೊರಗೆ ಹೋಗದಿದ್ದರೆ ಮನೆಯವರೆಲ್ಲ ಬಾಗಿಲಾಚೆ ಕೂರಬೇಕಂತೆ. ಅದರ ನೇರಕ್ಕೆ ಪಡಸಾಲೆಯಲ್ಲಿ ಇನ್ನೊಂದು ಇಟ್ಟಿಗೆ ಇಟ್ಟಾಗ ತೋಡೂರಿನವರು ಹೇಳಿದ ಎದುರುಬದುರು ಗಾಳಿ ತನ್ನಷ್ಟಕ್ಕೇ ಆಯಿತು. ಆರರಲ್ಲೊಂದು ಪಾಲು ಅಂತ ನಾನು ಬಾಯಿ ಬಿಟ್ಟಿರಲಿಲ್ಲ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಂಬಂಧಪಟ್ಟ ಎಂಜಿನಿಯರರಿಗೆ ಕೊಟ್ಟೆ. ಒಳ್ಳೆಯವರೇ, ಕೂರಿಸಿ ಓದಿದರು. "ಇದು ಅಂದಾಜುಪಟ್ಟಿ ಆಗುವ ಮೊದಲು ಬಂತು, ಪುಣ್ಯ. ಮಂಜೂರಾದ ಮೇಲೆ ಒಂದು ವೆಂಟಿಲೇಟರ್ ಸೇರಿಸಬೇಕಾದರೂ ನಾನು ಮೂರು ಕಡೆ ಸಹಿ ಹಾಕಿಸಬೇಕು" ಅಂದರು. ಮೂರಡಿ ಮಾಡು, ಪೂರ್ತಿ ತೆರೆಯುವ ಎರಡು ಬಾಗಿಲಿನ ಕಿಟಕಿ, ಬಿಎಲ್‌ಡಿಸಿ ಫ್ಯಾನು ಈ ಮೂರನ್ನು ಪಟ್ಟಿಯಲ್ಲಿ ಕಾಣಿಸಲು ನೋಡುತ್ತೇನೆ ಅಂದಿದ್ದಾರೆ. ಚಿರೆಕಲ್ಲಿಗೆ ಏನೂ ಹೇಳಲಿಲ್ಲ. ಜಗಲಿ ಅಂದ ಕೂಡಲೇ ಮಾತ್ರ ಮುಖ ಸಣ್ಣದಾಯಿತು, ಆ ಅಳತೆ ಎಲ್ಲಿಂದ ತರಲಿ ಅಂದರು.

ಅಂಕೋಲೆ ಗೌಂಡಿ

ಜಗಲಿ ಬಿಡ್ಬೇಡಿ ಅಕ್ಕೋರೆ. ಮನಿಗೊಂದು ಕೊಡ್ಲಿಕ್ಕಾಗದಿದ್ರೆ ಮಹಡಿಗೊಂದು ಉದ್ದ ಜಗಲಿ ಪಡು ಬದಿಗೆ ಕೇಳಿ. ಒಳಗೆ ಕತ್ತಲಿ ಓಣಿ ಹೇಗೂ ಬಿಡ್ತಾರಲ್ಲ, ಅದೇ ಓಣಿಯನ್ನ ಹೊರಗೆ ತಂದ್ರೆ ಜಗಲಿ ಆಯ್ತು. ಅಳತೆ ಹೆಚ್ಚಾಗೂದಿಲ್ಲ. ಮಾಣಿ ಸಾಹೇಬ್ರ ಲೆಕ್ಕದ ಬಾಗಿಲೂ ಹೊರಗೆ ತೆರೀತದೆ.

ಶಿರಸಿ ಮಾಣಿ

ಅಯ್ಯೋ, ಇಷ್ಟು ವರ್ಷ ಓದಿದ್ದು ದಂಡ. ಅಕ್ಕೋರೆ, ಇದನ್ನು ಹಾಗೇ ಬರೆದು ಕೊಡಿ. ಕಟ್ಟಡ ನೇರ ಪಡುವಕ್ಕೆ ಮುಖ ಮಾಡುವುದು ಬೇಡ, ಸಂಜೆ ಬಿಸಿಲು ಹೊಡೆಯುತ್ತದೆ. ಸ್ವಲ್ಪ ಬಡಗಕ್ಕೆ ಓರೆಯಾಗಿ ನಿಲ್ಲಿಸಲಿ, ಮೂವತ್ತು ಡಿಗ್ರಿ ಓರೆಯಾದರೂ ಗಾಳಿಗೆ ಮೋಸವಿಲ್ಲ. ನಾನೊಂದು ಗೆರೆಚಿತ್ರ ಮಾಡಿ ಕಳಿಸುತ್ತೇನೆ.

ಅಂಗನವಾಡಿ ಅಕ್ಕೋರು, ಕಾರವಾರ

ಕಳಿಸಿ. ಮುಂದಿನ ಭಾನುವಾರ ಒಂದು ಮಹಡಿಯ ನಾಲ್ಕೂ ಮನೆ, ಜಗಲಿ ಸಮೇತ ಬರೆಯುವ ಅಂತ. ಎಂಜಿನಿಯರರೂ ಬರುತ್ತೇನೆ ಅಂದಿದ್ದಾರೆ. ರಂಗೋಲಿ ಹಿಟ್ಟು ಸಾಲುವುದಿಲ್ಲ, ಮಕ್ಕಳೂ ಅಳಿಸುತ್ತವೆ. ಹಗ್ಗ ಯಾರ ಹತ್ತಿರ ಇದೆ?

ಬೈತಖೋಲದ ಹುಡುಗ

ಬಲೆ ಹಗ್ಗ ನಮ್ಮನೆಯಲ್ಲಿ ಬೇಕಾದಷ್ಟು ಉಂಟು. ಎಷ್ಟು ಮಾರು ಬೇಕು ಹೇಳಿ. ಆಯಿ ಬುಟ್ಟಿ ಸಮೇತ ಬರ್ತಾಳಂತೆ.